ಅರ್ಧ ಬಾಟಲಿ ಸಿಹಿನೀರು

ಲೈಫ್ ಜಾಕೆಟ್ ತರಲು ಮಗಳು ಮನೆಯೊಳಗೆ ಹೋದದ್ದೇ ತಡ, ಮೆಕ್ಯಾನಿಕ್ ಜೆಟ್ ಸ್ಕೀಯ ಸೀಟು ಎತ್ತಿದ. ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ತೆಗೆದು ಅರ್ಧ ಬಾಟಲಿ ನೀರು ಸುರಿದ. ಮುಚ್ಚಳ ಹಾಕಿದ. ಸೀಟು ಕೂರಿಸಿದ. ಕೈ ಒರೆಸಿಕೊಳ್ಳುವಷ್ಟರಲ್ಲಿ ಮಗಳು ಬಾಗಿಲಲ್ಲಿದ್ದಳು.

"ಎಲ್ಲಾ ಸರಿಯಿದೆಯಾ ಅಪ್ಪ?"

"ನಾನು ನೋಡಿದ ಮೇಲೆ ಸರಿಯಿಲ್ಲದೆ ಇರುತ್ತಾ?"

ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಗಟಗಟ ಕುಡಿದ.

ಇಂಥ ಕೆಲಸಕ್ಕೆ ಇಳಿದವನು ಯಾರೋ ದಾರಿಹೋಕನಲ್ಲ. ಆ ದಡದುದ್ದಕ್ಕೂ ಅವನಿಗೆ 'ತುಕ್ಕಿನ ಡಾಕ್ಟರು' ಎಂದೇ ಹೆಸರು. ಸಮುದ್ರದ ಮೇಲೆ ಓಡುವ ಈ ಸ್ಕೂಟರುಗಳ ಎಂಜಿನ್ನಿಗೆ ನೀರು ಸೋಕದಂತೆ ಕಾಯುವುದೇ ಅವನ ಕಸುಬು. ಗಾಡಿ ದಡಕ್ಕೆ ಬಂದರೆ ಉಪ್ಪು ಒಣಗುವ ಮೊದಲೇ ಪೈಪು ಜೋಡಿಸಿ ಎಂಜಿನ್ ತಂಪಾಗಿಸುವ ಕೊಳವೆಗಳೊಳಗೆ ಸಿಹಿನೀರು ಹಾಯಿಸಬೇಕು. ಅದಕ್ಕೂ ಒಂದು ಕ್ರಮವಿದೆ. "ಮೊದಲು ಎಂಜಿನ್, ಆಮೇಲೆ ನಲ್ಲಿ! ನಿಲ್ಲಿಸುವಾಗ ಮೊದಲು ನಲ್ಲಿ!" ಎಂದು ಗಿರಾಕಿಗಳ ಮೇಲೆ ರೇಗುತ್ತಿದ್ದ. ತಪ್ಪಿದರೆ ನೀರು ಹೊಗೆಯ ದಾರಿಯಲ್ಲೇ ಹಿಂದಕ್ಕೆ ನುಗ್ಗಿ ಎಂಜಿನ್ ಸೇರುತ್ತದೆ. ಮಗಳ ಗಾಡಿಯನ್ನಂತೂ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ನೀರಿಗಿಳಿಸುವ ಮುನ್ನ ಸಮುದ್ರ ಒಳನುಗ್ಗದಂತೆ ತಳದ ಬಿರಡೆ ಬಿಗಿಯುವುದು, ದಡಕ್ಕೆ ಬಂದಾಗ ಒಳಗಿನ ನೀರು ಹೋಗಲು ಬಿಚ್ಚುವುದು, ಇಷ್ಟು ಮಾತ್ರ ಅವಳ ಪಾಲಿಗೆ.

ಅಂಥವನು ತನ್ನ ಕೈಯಾರೆ ಮಗಳ ಎಂಜಿನ್ನಿಗೆ ನೀರು ಕುಡಿಸುತ್ತಿದ್ದ. ಇದು ಎರಡನೇ ಸಲ.

ಹಿಂದಿನ ವರ್ಷ ರೇಸಿನ ತಿರುವಿನಲ್ಲಿ ಮಗಳು ಗಾಡಿಯಿಂದ ಹಾರಿಬಿದ್ದಿದ್ದಳು. ಹಿಂದೆ ಬಂದ ಗಾಡಿ ಅವಳ ಭುಜಕ್ಕೆ ಬಡಿದಿತ್ತು. ಮುಖ ಕೆಳಗಾಗಿ ತೇಲುತ್ತಿದ್ದ ಮಗಳನ್ನು ಅವನು ದಡದಲ್ಲಿ ನಿಂತು ನೋಡಿದ್ದ. ಆಸ್ಪತ್ರೆಯಲ್ಲಿ ಅವಳು ಕಣ್ಣು ಬಿಟ್ಟಾಗ ಧೈರ್ಯಕ್ಕೆ ಏನಾದರೂ ಹೇಳಬೇಕಲ್ಲ. "ಏನೂ ಆಗಿಲ್ಲ ಪುಟ್ಟಿ. ಗಾಡಿ ರೆಡಿ ಮಾಡಿಡ್ತೀನಿ, ಮತ್ತೆ ನೀರಿಗಿಳಿಯುವಿಯಂತೆ" ಎಂದುಬಿಟ್ಟ. ಅವಳು ತಲೆಯಾಡಿಸಿದಳು.

ಆಡಿದ ಮಾತನ್ನು ನುಂಗಿಕೊಳ್ಳುವುದು ಹೇಗೆ? ಮಗಳು ಚಾಂಪಿಯನ್ ಆಗುತ್ತಾಳೆಂದು ಓಣಿಗೆಲ್ಲ ಡಂಗುರ ಸಾರಿದವನೂ ಅವನೇ. ಇಳಿಯಬೇಡ ಎನ್ನಲು ಬಾಯಿ ಬರಲಿಲ್ಲ. ಬಾಯಿ ಮಾಡದ ಕೆಲಸವನ್ನು ಕೈ ಮಾಡಿತು. ಉಪ್ಪುನೀರು ಸುರಿಯಲು ಮಾತ್ರ ಆ ಕೈಯೂ ಒಪ್ಪಲಿಲ್ಲ. ಕುಡಿಯುವ ನೀರಾದರೆ ಎಂಜಿನ್ ಕೆಮ್ಮಿ ನಿಲ್ಲುತ್ತದೆ, ಅದೇ ದಿನ ಬಿಚ್ಚಿ ಒಣಗಿಸಿ ಎಣ್ಣೆ ಹೊಡೆದರೆ ಪಾರು. ಮೋಸದಲ್ಲೂ ಕಸುಬಿನ ನಿಯತ್ತು ನೋಡಿ!

ಆ ದಿನದ ರೇಸಿಗೆ ಸೀಟಿ ಊದಿದರು. ಗಾಡಿಗಳು ನುಗ್ಗಿದವು. ಮೊದಲ ತಿರುವು ಬರುವ ಮುನ್ನವೇ ಮಗಳ ಗಾಡಿ ಕೆಮ್ಮಿತು, ನಿಂತಿತು. ಉಳಿದವರು ನೀರೆರಚುತ್ತ ಮುಂದೆ ಹೋದರು. ಅವನಿಗೆ ಹೋದ ಜೀವ ಬಂದಂತಾಯಿತು. ಮರುಕ್ಷಣವೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ದೋಣಿಯವರು ಎಳೆದು ತಂದರು. ಮಗಳು ಬಿರಡೆ ಬಿಚ್ಚಿದಳು. ಗಾಡಿಯ ಹೊಟ್ಟೆಯಿಂದ ಬಕೆಟ್‌ಗಟ್ಟಲೆ ನೀರು ಸುರಿಯಿತು. ಶೆಡ್ಡಿನಲ್ಲಿ ಸ್ಪಾರ್ಕ್ ಪ್ಲಗ್ ತೆಗೆದು ಎಂಜಿನ್ ತಿರುಗಿಸಿದಾಗ ಚಿಮ್ಮಿದ ನೀರು ಅವನ ಮುಖಕ್ಕೇ ರಾಚಿತು. ತುಟಿಗೆ ಉಪ್ಪು ಹತ್ತಿತು. ಮೊದಲ ಸಲವೂ ಹೀಗೇ ಆಗಿತ್ತು. ಕೆಟ್ಟು ನಿಂತ ಗಾಡಿಯ ಮೇಲೆ ಅಲೆ ಬಡಿದು ಒಳಗೆ ನುಗ್ಗಿರಬೇಕು ಎಂದುಕೊಂಡ. ತಾನು ಹಾಕಿದ್ದು ಅರ್ಧ ಬಾಟಲಿ, ಅದರ ಹಿಂದೆಯೇ ಸಮುದ್ರ ಬಂದಿತ್ತು. ಬೇರಿಂಗಿನ ಅಂಚಿನಲ್ಲಿ ಹೋದ ಸಲದ ತುಕ್ಕು ಕಂದುಗಟ್ಟಿ ಕೂತಿತ್ತು.

ಮಗಳು ಎಣ್ಣೆಬಟ್ಟೆ ಹಿಡಿದು ಅದನ್ನು ಉಜ್ಜತೊಡಗಿದಳು.

"ನನ್ನಿಂದಲೇ ಆಗಿದ್ದು ಅಪ್ಪ. ನಿನ್ನ ಕೆಲಸದಲ್ಲಿ ಏನೂ ತಪ್ಪಿಲ್ಲ."

"ಸುಮ್ನಿರು."

"ನಿಜವಾಗ್ಲೂ ಹೇಳ್ತಿದೀನಿ."

"ಸುಮ್ನಿರು ಅಂದೆನಲ್ಲ!"

ಅವಳು ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡಷ್ಟೂ ಅವನು ಸ್ಪ್ಯಾನರನ್ನು ಇನ್ನಷ್ಟು ಬಿರುಸಾಗಿ ತಿರುಗಿಸಿದ. ಆಮೇಲಿನ ದಿನಗಳಲ್ಲಿ ಅವಳಿಗೆ ಊಟ ಸೇರಲಿಲ್ಲ. ನಿದ್ದೆ ಹತ್ತಲಿಲ್ಲ. ಸೋತವಳ ಸಂಕಟ ಅವನಿಗೆ ಅರ್ಥವಾಗದೆ ಇರುತ್ತದೆಯೇ?

ರೇಸಿನ ತಂಡದ ಆಯ್ಕೆಗೆ ಇನ್ನೊಂದೇ ರೇಸು ಉಳಿದಿತ್ತು. ಅದರಲ್ಲೂ ಗಾಡಿ ನಿಂತರೆ ಅವಳ ಹೆಸರು ಹೊಡೆದುಹಾಕುತ್ತಾರೆ. ತನ್ನ ಪುಕ್ಕಲುತನಕ್ಕೆ ಮಗಳ ಬದುಕು ಬಲಿಯಾಗಬೇಕೇ? ಸಾಕು ಎಂದು ನಿರ್ಧರಿಸಿದ. ಸೀಲು, ಪೈಪು, ಕ್ಲಿಪ್ಪು ಎಲ್ಲ ಬದಲಿಸಿದ. ಸಂದುಸಂದಿಗೂ ಗ್ರೀಸು ಮೆತ್ತಿದ. ಗಾಡಿಯನ್ನು ನೀರಿಗಿಳಿಸಿ, ಮೇಲಿಂದಲೂ ನೀರು ಹೊಡೆದು ನೋಡಿದ. ಒಳಗೆ ಒಂದು ಹನಿಯೂ ಇಳಿಯಲಿಲ್ಲ.

ರೇಸಿನ ದಿನ ಬೆಳಿಗ್ಗೆ ಇಬ್ಬರೂ ಗಾಡಿಯನ್ನು ದಡಕ್ಕೆ ತಳ್ಳಿಕೊಂಡು ಹೋದರು.

"ಈ ಸಲ ನಿಲ್ಲಲ್ಲ ಪುಟ್ಟಿ."

"ಖಂಡಿತಾನಾ?"

"ಖಂಡಿತ."

ಮಗಳ ಮುಖ ಬಿಳಿಚಿಕೊಂಡಿತು. ನನ್ನ ಮೇಲಿನ ನಂಬಿಕೆಯೇ ಹೋಗಿದೆ, ಹೋಗದೆ ಏನು ಮಾಡೀತು ಎಂದುಕೊಂಡ. ಇನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಅವನಿಂದ ಆಗಲಿಲ್ಲ.

"ಎರಡು ಸಲವೂ ಎಂಜಿನ್ನಿಗೆ ನೀರು ಹಾಕಿದ್ದು ನಾನೇ. ನೀನು ಮತ್ತೆ ಬೀಳ್ತೀಯ ಅಂತ ಹೆದರಿಕೆ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಇವತ್ತು ಹಾಕಿಲ್ಲ, ನಿನ್ನಾಣೆ. ಬೈಯಿ, ಏನು ಬೇಕಾದ್ರೂ ಅನ್ನು, ಆದ್ರೆ ಹೋಗಿ ಗೆದ್ದು ಬಾ."

ಮಗಳು ಬೈಯಲಿಲ್ಲ. ಅವನ ಕೈಯನ್ನು ತನ್ನೆರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಅಂಗೈಯಲ್ಲಿದ್ದ, ಇನ್ನೂ ಬಿಗಿಯದ ತಳದ ಬಿರಡೆ ಅವನ ಕೈಗೆ ಒತ್ತಿತು.

"ಹಾಗಾದ್ರೆ ಇವತ್ತು ಗಾಡಿಗೆ ನಾನೊಬ್ಬಳೇ ನೀರು ಬಿಡಬೇಕಾ ಅಪ್ಪ?"