ಮರದ ಆಚೆ ಬದಿ

ಕೀನ್ಯಾದ ಕಾಡಿಗೆ ಬಂದ ಮೇಲೆ ಆನೆ, ಸಿಂಹ, ಜಿರಾಫೆ ಎಲ್ಲವೂ ಅವನ ಕ್ಯಾಮೆರಾಕ್ಕೆ ಸಿಕ್ಕಿದ್ದವು; ಚಿರತೆಯೊಂದು ಮಾತ್ರ ಕೈಕೊಡುತ್ತಲೇ ಇತ್ತು. ಬೆಳಗಾದರೆ ವಾಪಸು ವಿಮಾನ. ಜೀಪಿನಲ್ಲಿ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಅವನು ಚಡಪಡಿಸುತ್ತಿದ್ದ. ಪಕ್ಕದಲ್ಲಿ ಹೆಂಡತಿಯೂ ಚಡಪಡಿಸುತ್ತಿದ್ದಳು, ಬೇರೆ ಕಾರಣಕ್ಕೆ.

“ರೀ, ಇನ್ನು ತಡ್ಕೊಳಕ್ಕಾಗಲ್ಲ. ಎಲ್ಲಾದ್ರೂ ನಿಲ್ಲಿಸಕ್ಕೆ ಹೇಳಿ.”

“ಬೆಳಕು ಹೋಗ್ತಾ ಇದೆ ಕಣೆ! ಅಷ್ಟೊಂದು ನೀರು ಕುಡಿ ಅಂತ ಯಾರು ಹೇಳಿದ್ರು ನಿಂಗೆ?”

ಕೊನೆಗೆ ಡ್ರೈವರನಿಗೇ ಕನಿಕರ ಬಂತು. ಒಂದು ದೊಡ್ಡ ಮರದ ಸುತ್ತ ಜೀಪಿನಲ್ಲೇ ಒಂದು ಸುತ್ತು ಹಾಕಿ, ಬುಡದ ಪೊದೆಯಲ್ಲಿ ಯಾವ ಪ್ರಾಣಿಯೂ ಮಲಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಚೆ ಬದಿಗೆ ಹೋಗಿಬನ್ನಿ ಎಂದು ಅವಳಿಗೆ ಸನ್ನೆ ಮಾಡಿದ.

ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಅವನು ಗಡಿಯಾರ ನೋಡಿದ, ಇಳಿಯುತ್ತಿದ್ದ ಸೂರ್ಯನನ್ನು ನೋಡಿದ, ಹಲ್ಲು ಕಡಿದ. ಅಂತೂ ಬಂದಳು, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು.

“ಲಾಲ್‌ಬಾಗಲ್ಲಿ ವಾಕಿಂಗ್ ಬಂದ ಹಾಗೆ ಬರ್ತಿದೀಯಲ್ಲ! ನಿನ್ನಿಂದಾಗಿ ಚಿರತೆ ತಪ್ಪಿಹೋಯ್ತು,” ಎಂದು ಸಿಡುಕಿದ.

ಅವಳು ಹತ್ತಿ ಕೂತಳು. ಜೀಪು ಸಾಕಷ್ಟು ದೂರ ಬಂದ ಮೇಲೆ ಬಾಯಿ ಬಿಟ್ಟಳು.

“ಆ ಮರದ ಮೇಲೇ ಇತ್ತು ರೀ. ಕೊಂಬೆ ಮೇಲೆ ಮಲಗಿ ನನ್ನನ್ನೇ ನೋಡ್ತಿತ್ತು.”

ಅವನು ಡ್ರೈವರನ ಭುಜ ಹಿಡಿದು ಅಲ್ಲಾಡಿಸಿದ. “ತಿರುಗಿಸಪ್ಪಾ, ಗಾಡಿ ತಿರುಗಿಸು!” ಆಮೇಲೆ ಅವಳತ್ತ ಹೊರಳಿ, “ಆಗಲೇ ಒಂದು ಸಲ ನನ್ನ ಕೂಗಬಾರದಿತ್ತೇನೆ?” ಎಂದ.

“ಕೂಗಿದ್ರೆ ನೀವು ಮೊದ್ಲು ಕ್ಯಾಮೆರಾ ಎತ್ಕೊಳ್ತಿದ್ರಿ.”