ಏಳು ಕಾಲಿನ ದುಂಬಿ

ನಾನೂರು ಕೋಟಿ ವರ್ಷದ ಜೀವಜಗತ್ತನ್ನು ಅಳಿಸಲು ನನಗೆ ಎರಡು ಬಕೆಟ್ ಬಿಳಿ ಬಣ್ಣ ಸಾಕು. ಸೃಷ್ಟಿಸಿದವನೂ ನಾನೇ ತಾನೇ! ನಲವತ್ತು ವರ್ಷದ ಹಿಂದೆ ಕಾಲೇಜಿನ ಇದೇ ಪ್ರಾಣಿಶಾಸ್ತ್ರದ ಕೋಣೆಯ ಗೋಡೆಗೆ ಜೀವವೃಕ್ಷ ಬರೆದಿದ್ದೆ. ಬುಡದಲ್ಲಿ ಒಂಟಿ ಜೀವಕೋಶ, ಕೊಂಬೆಕೊಂಬೆಗೂ ಮೀನು, ಹಲ್ಲಿ, ಹಕ್ಕಿ, ಮಂಗ. ಪ್ರಕೃತಿ ತಿಣುಕಿ ತಿಣುಕಿ ಮಾಡಿದ್ದನ್ನು ನಾನು ಹನ್ನೊಂದೇ ದಿನದಲ್ಲಿ ಮುಗಿಸಿದೆ, ಅದೂ ಮಧ್ಯಾಹ್ನದ ನಿದ್ದೆ ತಪ್ಪಿಸದೆ. ನನ್ನ ಹುಲಿ ನೋಡಿ ಪ್ರಿನ್ಸಿಪಾಲರು ಕಿಟಕಿ ಹಾರಿ ಓಡಿದ್ದರು. ಬೇಕಾದರೆ ಅವರನ್ನೇ ಕೇಳಿ ಎನ್ನುತ್ತಿದ್ದೆ, ಈಗ ಅವರಿಲ್ಲ.

"ಯಜಮಾನ್ರೇ, ಒಂದು ಚುಕ್ಕೆನೂ ಉಳೀಬಾರದು. ಈ ಗೋಡೆ ಮೇಲೆ ಪ್ರೊಜೆಕ್ಟರ್ ಚಿತ್ರ ಬೀಳಬೇಕು," ಎಂದರು ಈಗ ಇಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮೇಡಂ.

"ಚಂದ್ರನೇ ನಾಚ್ಕೋಬೇಕು, ಹಾಗೆ ಬಳೀತೀನಿ," ಎಂದೆ.

ಮೀನು ಹೋಯಿತು, ಆನೆ ಹೋಯಿತು, ಹುಲಿಯೂ ಹೋಯಿತು. ಕೊನೆಗೆ ದುಂಬಿಗಳ ಕೊಂಬೆ. ಮೂವತ್ತು ದುಂಬಿ ಬಳಿದವನ ಕೈ ಮೂವತ್ತೊಂದನೆಯದಕ್ಕೆ ನಿಂತಿತು.

ಆ ಕೆಂಪು ದುಂಬಿ ನನ್ನದಲ್ಲ. ಇದೇ ಕೋಣೆಯಲ್ಲಿ ಅಟೆಂಡರ್ ಆಗಿದ್ದ, ಹುಡುಗರೆಲ್ಲ 'ಲ್ಯಾಬ್ ಅಕ್ಕ' ಎನ್ನುತ್ತಿದ್ದ ನನ್ನ ಹೆಂಡತಿ, ನಾನು ಮಲಗಿದ್ದಾಗ ಕುಂಚ ಕದ್ದು ಬರೆದದ್ದು. ಎದ್ದು ನೋಡಿದರೆ ಏಳು ಕಾಲು!

"ದುಂಬಿಗೆ ಆರೇ ಕಾಲು ಕಣೇ! ನನ್ನ ಮಾನ ಕಳೆದೆಯಲ್ಲೇ!"

"ಇಷ್ಟು ಕೋಟಿ ಜೀವದಲ್ಲಿ ಒಂದಕ್ಕೆ ಒಂದು ಕಾಲು ಹೆಚ್ಚಾದ್ರೆ ಯಾರಪ್ಪನ ಗಂಟು ಹೋಗುತ್ತೆ?" ಎಂದು ನಕ್ಕಿದ್ದಳು.

ಅವಳು ಹೋಗಿ ಮೂರು ವರ್ಷ. ಅವಳ ಕೈಯಲ್ಲಿ ಬರೆದದ್ದು ಅಂತ ಮನೆಯಲ್ಲಿ ಒಂದು ಚೀಟಿಯೂ ಇಲ್ಲ.

"ಯಾಕೆ ನಿಂತ್ರಿ?"

"ಬಣ್ಣ ಮುಗೀತು ಮೇಡಂ," ಎನ್ನುತ್ತ ಏಣಿ ಇಳಿದೆ. ಬಕೆಟ್ಟಿನಲ್ಲಿ ಆನೆ ಈಜುವಷ್ಟು ಬಣ್ಣವಿತ್ತು.

ಮೇಡಂ ಬಕೆಟ್ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಏಣಿ ಹತ್ತಿ ದುಂಬಿಯ ಕಾಲು ಎಣಿಸಿದರು.

"ಏಳು! ನಾನು ಇಲ್ಲಿ ಓದುವಾಗ ಲ್ಯಾಬ್ ಅಕ್ಕನ್ನ ಕೇಳಿದ್ದೆ, ಇದ್ಯಾವ ಜಾತಿ ಅಂತ. 'ಗಂಡ ಗೊರಕೆ ಹೊಡೆಯೋವಾಗ ಹುಟ್ಟೋ ಜಾತಿ' ಅಂದಿದ್ರು."

ನಾನು ಕುಂಚವನ್ನು ಬಕೆಟ್ಟಿನ ಹಿಂದೆ ಬಚ್ಚಿಟ್ಟೆ.

"ಬಣ್ಣ ಮುಗೀತಲ್ಲ," ಮೇಡಂ ಏಣಿ ಇಳಿದರು, "ಇನ್ನೇನ್ ಮಾಡೋಕಾಗುತ್ತೆ?"

ಸಂಜೆ ಪ್ರೊಜೆಕ್ಟರ್ ಹಚ್ಚಿದರು. ಬೆಳ್ಳನೆಯ ಗೋಡೆ ತುಂಬ ನೀಲಿ ತಿಮಿಂಗಿಲ. ಅದರ ಬೆನ್ನೇರಿ, ಏಳೂ ಕಾಲೂರಿ, ಕೆಂಪು ದುಂಬಿಯೊಂದು ಸವಾರಿ ಹೊರಟಿತ್ತು.