ಹೊಡೆದು ಹಾಕಿದ ಪದ

“ಆ ಪದ ಹೊಡೆದು ಹಾಕಿ,” ಎಂದಳು ಕಟ್ಟಡದ ನಕ್ಷೆ ಬರೆದವಳು. ಆ ಬೆಳಿಗ್ಗೆ ಅದು ಮೂರನೆಯ ಸಲ.

ಸಮಿತಿಯ ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಮೇಜಿನ ಮೇಲಿನ ಹಾಳೆಯ ನೆತ್ತಿಯಲ್ಲಿ ದಪ್ಪ ಅಕ್ಷರ: ಸಾರ್ವಜನಿಕ ವೃದ್ಧಾಶ್ರಮ, ಹದಿನಾರು ಹಾಸಿಗೆ. ಸುತ್ತಲ ಒಂಬತ್ತು ಹಳ್ಳಿಗೆ ಇದೊಂದೇ. ಇದು ಬಿಟ್ಟರೆ ಬಸ್ಸಿನಲ್ಲಿ ಮೂರು ಗಂಟೆಯ ದಾರಿ.

“ವೃದ್ಧ ಅನ್ನೋದು ಬೈಗುಳ ಅಲ್ವಲ್ಲಮ್ಮ. ನಾನೂ ವೃದ್ಧನೇ.”

“ನೀವು ಸೇರ್ಕೊಂಡ್ರೆ ಉಳಿದ ಹದಿನೈದು ಜನ ಓಡಿಹೋಗ್ತಾರೆ ಬಿಡಿ,” ಎಂದ ಟೈಲರ್. ಅವನೂ ಸಮಿತಿಯ ಸದಸ್ಯನೇ. ಕತ್ತರಿಗಿಂತ ನಾಲಿಗೆ ಹರಿತ.

ಎಲ್ಲರೂ ನಕ್ಕರು. ನಕ್ಷೆಯವಳ ಮುಖ ಮಾತ್ರ ಗಾರೆ ಬಳಿದು ಒಣಗಿಸಿದ ಹಾಗೆ ಇತ್ತು. ಮೂರು ತಿಂಗಳಿಂದ ಅವಳು ಹಾಗೆಯೇ. ಅಳತೆ ಹೇಳುವಾಗಲೂ, ಜಗಳವಾಡುವಾಗಲೂ ಒಂದೇ ದನಿ.

ಅವಳಿಗೂ ಅಲ್ಲಿ ಒಂದು ಹಾಸಿಗೆ ಬೇಕಿತ್ತು. ಅದನ್ನು ಅವಳು ಮುಚ್ಚಿಟ್ಟವಳಲ್ಲ. “ನಮ್ಮ ಮನೇಲೂ ಮರೆವಿನ ಕಾಯಿಲೆ ಇದೆ,” ಎಂದು ಮೊದಲ ಸಭೆಯಲ್ಲೇ ಹೇಳಿದ್ದಳು. ಹೇಳಿದ್ದೇ ತಡ, ಎಲ್ಲರ ಕಣ್ಣೂ ಪಕ್ಕದಲ್ಲಿ ಕೂತಿದ್ದ ಅವಳ ತಾಯಿಯ ಬಿಳಿ ಕೂದಲಿನ ಮೇಲೆ ಹೋಗಿ ಕೂತಿದ್ದವು.

ತಾಯಿಗೆ ಎಪ್ಪತ್ತನಾಲ್ಕು. ಊರಿಗೆಲ್ಲ ಟೀಚರಮ್ಮ. ಪ್ರತಿ ಸಭೆಗೂ ನಕ್ಷೆಯ ಸುರುಳಿಗಳನ್ನು ಮಗುವಿನಂತೆ ಎದೆಗವಚಿಕೊಂಡು ಬರುತ್ತಿದ್ದರು. ಸುರುಳಿಗಳ ಮೇಲೆ ಒಂದು, ಎರಡು, ಮೂರು ಎಂದು ತಮ್ಮ ದುಂಡು ಅಕ್ಷರದಲ್ಲಿ ಬರೆದಿದ್ದರು. ಒಂದೊಂದಾಗಿ ಮಗಳ ಕೈಗಿಡುತ್ತಿದ್ದರು. ಪಾಪ, ಏನೋ ಒಂದು ಕೆಲಸ ಕೊಟ್ಟು ಕೂರಿಸಿದ್ದಾಳೆ ಎಂದುಕೊಂಡಿದ್ದರು ಜನ.

“ಈ ಬಿಸಿಲಲ್ಲಿ ನೀವ್ಯಾಕೆ ಬರ್ತೀರಿ ಟೀಚರಮ್ಮ?” ಎಂದು ಅಧ್ಯಕ್ಷರು ಒಮ್ಮೆ ಕೇಳಿದ್ದರು.

“ಒಬ್ಬರನ್ನೇ ಮನೇಲಿ ಬಿಡೋಕಾಗಲ್ಲ ನೋಡಿ,” ಎಂದು ನಕ್ಕಿದ್ದರು ಟೀಚರಮ್ಮ.

ಈಗ ಮೂರನೆಯ ಸುರುಳಿ ಮೇಜಿನ ಮೇಲೆ ಬಿಚ್ಚಿಕೊಂಡಿತು. ಅದರಲ್ಲಿ ಕೋಣೆಗಳ ಮುಂದಿನ ಓಣಿ ಉಂಗುರದ ಹಾಗೆ ಸುತ್ತಿತ್ತು. ಎಲ್ಲಿಂದ ಹೊರಟರೂ ಹೊರಟಲ್ಲಿಗೇ ಬರುತ್ತದೆ. ಕಪಾಟುಗಳಿಗೆ ಬಾಗಿಲಿಲ್ಲ. ಹಾಸಿಗೆಯಲ್ಲಿ ಕೂತರೆ ಬಚ್ಚಲು ಕಾಣುತ್ತದೆ.

“ಕಪಾಟಿಗೆ ಬಾಗಿಲು ಬೇಡ್ವಾ?” ಟೈಲರ್ ಹುಬ್ಬೇರಿಸಿದ.

“ಬಾಗಿಲು ಹಾಕಿದರೆ ಒಳಗೇನಿದೆ ಅಂತ ಗೊತ್ತಾಗಲ್ಲ. ಕಾಣದೇ ಇರೋದು ಇಲ್ಲವೇ ಇಲ್ಲ ಅನ್ನಿಸುತ್ತೆ. ಬಟ್ಟೆ ಕಳ್ಳತನ ಆಯ್ತು ಅಂತ ಅಳು ಬರುತ್ತೆ.”

“ಇಷ್ಟೆಲ್ಲ ಎಲ್ಲಿ ಕಲಿತ್ರಿ?”

“ಮನೇಲಿ.”

ಅಜ್ಜಿ ಹೇಳುವ ಕಥೆಯಾಗಿದ್ದರೆ ಏಳು ಬೆಟ್ಟದಾಚೆ ಮರೆವಿಗೊಂದು ಬೇರು ಇರುತ್ತಿತ್ತು, ತರಲು ಒಬ್ಬ ರಾಜಕುಮಾರ ಇರುತ್ತಿದ್ದ. ಇಲ್ಲಿ ಇದ್ದದ್ದು ಹದಿನಾರು ಹಾಸಿಗೆ, ಒಂದು ಪದ.

“ಮಗಳೇ, ಇವತ್ತು ಯಾವ ವಾರ?” ಟೀಚರಮ್ಮ ಮೆಲ್ಲಗೆ ಕೇಳಿದರು.

“ಗುರುವಾರ ಅಮ್ಮ.” ಅವಳ ಕಣ್ಣು ಗೋಡೆಯ ಕ್ಯಾಲೆಂಡರಿಗೆ ಹೋಗಿ ಬಂತು.

ಟೀಚರಮ್ಮ ತಲೆಯಾಡಿಸಿದರು. ಒಳಗೆ ಬರುವಾಗಲೂ ಅವರು ಅದನ್ನೇ ಕೇಳಿದ್ದರು. ತಿಂಡಿ ಏನು ತಿಂದೆವು ಎಂದೂ ಕೇಳಿದ್ದರು. ಟೈಲರ್ ಪಕ್ಕದವರ ಕಿವಿಗೆ ಬಾಗಿದ. “ನಾನಾಗಿದ್ರೆ ಎರಡನೇ ಸಲಕ್ಕೇ ಸಿಡಿದುಬೀಳ್ತಿದ್ದೆ. ಭೂಮಿ ತೂಕದ ಹೆಣ್ಣು.”

ಗುಮಾಸ್ತ ಗಂಟಲು ಸರಿಮಾಡಿಕೊಂಡ. “ಆ ಪದ ತೆಗೆದ್ರೆ ಕೆಳಗಿನ ಸಾಲೂ ತೆಗೀಬೇಕಾಗುತ್ತೆ ಸಾರ್. ಅರವತ್ತು ದಾಟಿರಬೇಕು ಅನ್ನೋದು.”

“ತೆಗೀರಿ,” ಎಂದಳು ನಕ್ಷೆಯವಳು. “ಗೋಡೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಸ್ತ್ರಿ ಆರು ವರ್ಷದಿಂದ ಮಲಗಿದ್ದಾನೆ. ಅವನಿಗೆ ಮೂವತ್ತೆಂಟು. ಅರವತ್ತಾಗೋವರೆಗೂ ಕಾಯಿ ಅಂತ ಹೇಳಿ ಬರ್ತೀರಾ?”

ಬಿದ್ದಾಗ ಮೇಸ್ತ್ರಿ ಅಧ್ಯಕ್ಷರ ಮನೆಗೇ ಗೋಡೆ ಕಟ್ಟುತ್ತಿದ್ದ. ಅವರು ಯಾರ ಮುಖವನ್ನೂ ನೋಡದೆ ಪೆನ್ನು ಊರಿದರು. ವೃದ್ಧಾಶ್ರಮ ಹೋಗಿ ಆರೈಕೆ ಮನೆ ಬಂತು. ಕೆಳಗಿನ ಸಾಲಿನ ಮೇಲೂ ಒಂದು ಗೆರೆ ಬಿತ್ತು. ಕೈ ಎತ್ತಿದವರು ಏಳು ಜನ, ಎತ್ತದವರು ಇಬ್ಬರು. ಮುಗಿಯಿತು.

ನಕ್ಷೆಯವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಕೈ ಮುಗಿದು ಹೊರಗೆ ಜಗಲಿಗೆ ಹೋಗಿ ನಿಂತಳು.

ಟೀಚರಮ್ಮ ಅಲ್ಲೇ ಕೂತು ಅರ್ಜಿ ತುಂಬಿದರು. ಮೊಟ್ಟಮೊದಲ ಅರ್ಜಿ. ಕೈ ನಡುಗಲಿಲ್ಲ. ಗುಮಾಸ್ತ ಅವರ ಬಳಿಯೇ ಕಾಗುಣಿತ ಕಲಿತವನು. ಎದ್ದು ನಿಂತೇ ತೆಗೆದುಕೊಂಡ. ಓದಿದ. ಅವನ ಮುಖ ಮರುಕದಿಂದ ಮೆತ್ತಗಾಯಿತು.

“ಟೀಚರಮ್ಮಾ,” ಎಂದ, ಕಿವುಡರಿಗೆ ಹೇಳುವಂತೆ ಗಟ್ಟಿಯಾಗಿ. “ಅದಲುಬದಲು ಮಾಡಿಬಿಟ್ಟಿದೀರಿ. ಸೇರೋರ ಜಾಗದಲ್ಲಿ ಮಗಳ ಹೆಸರು ಬರೆದು, ನೋಡ್ಕೊಳ್ಳೋರ ಜಾಗದಲ್ಲಿ ನಿಮ್ಮ ಹೆಸರು ಬರೆದಿದೀರಿ. ಪರವಾಗಿಲ್ಲ, ಬೇರೆ ಅರ್ಜಿ ಕೊಡ್ತೀನಿ.”

ಟೀಚರಮ್ಮ ಹೊಸ ಅರ್ಜಿಯನ್ನು ಮುಟ್ಟಲಿಲ್ಲ.

“ಸರಿಯಾಗೇ ಬರೆದಿದೀನಪ್ಪ,” ಎಂದರು. “ಅವಳಿಗೆ ನಲವತ್ತೊಂಬತ್ತು.”